ಪ್ಯೋ ಸಾಹೇಬರ ಸುಪ್ರಭಾತದ ಹೂವುಗಳು

ಕೊರಿಯಾದ ಇಂಚನ್‌ನ ಲಿಫ್ಟ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದ ಪ್ಯೋ ಗ್ವಾಂಗ್‌ಸಿಕ್‌ನಿಗೆ ಬೆನ್ನುಮೂಳೆ ಇತ್ತೋ ಇಲ್ಲವೋ, ಬಾಗಿ ಬಾಗಿ ಅದರ ಗುರುತೇ ಅಳಿಸಿಹೋಗಿತ್ತು. ನಿರ್ದೇಶಕನಾಗುವ ಆಸೆ ಮಾತ್ರ ನೆಟ್ಟಗಿತ್ತು. ಈ ಸಲ ಆಗದಿದ್ದರೆ ಇನ್ನೆಂದೂ ಇಲ್ಲ. ಹೆಸರು ಆರಿಸುವವರು ಹಿರಿಯ ನಿರ್ದೇಶಕ ಟಾಕ್. ಮಧ್ಯಾಹ್ನ ಅವರೆದುರು ತನ್ನ ವರ್ಷದ ಕೆಲಸವನ್ನೆಲ್ಲ ತೆರೆದು ತೋರಿಸಬೇಕು. ಅದರ ಫೈಲು ತೆರೆಯಹೋದರೆ ಕಂಪ್ಯೂಟರ್ ಕೆಸರಿಗೆ ಬಿದ್ದ ಎಮ್ಮೆಯಂತೆ ಅಲುಗುತ್ತಿರಲಿಲ್ಲ.

"ದರಿದ್ರ ಡಬ್ಬಾ! ಹೊಸದು ಕೊಡಿ ಅಂತ ಎಷ್ಟು ಬಡ್ಕೊಂಡೆ!" ಎಂದು ಕೂಗಾಡಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ರಿಪೇರಿಯ ಮೇಂಗ್ ಬಂದು, ಯಾವುದು ಎಷ್ಟು ಮೆಮೊರಿ ನುಂಗುತ್ತಿದೆ ಎಂದು ನೋಡಿದ. "ಡಬ್ಬಾ ಸರಿಯಾಗೇ ಇದೆ ಸಾಹೇಬ್ರೇ. ನಿಮ್ಮ ಮೆಸೆಂಜರ್ ಒಂದೇ ಮುಕ್ಕಾಲು ಪಾಲು ತಿಂತಿದೆ. ಇಷ್ಟೊಂದು ಗುಂಪು ಯಾಕೆ? ಕೆಲವು ಬಿಟ್ಟು ಹೊರಗ್ ಬನ್ನಿ."

"ಬಿಡೋದಾ? 'ಪ್ಯೋ ಹೊರನಡೆದರು' ಅಂತ ಎಲ್ರಿಗೂ ಕಾಣುತ್ತಲ್ಲಯ್ಯ! ಮುಖಕ್ಕೆ ಉಗಿದ ಹಾಗೆ."

ಯಾರ ಮುಖಕ್ಕೆ ಉಗಿದರೆ ನಷ್ಟವಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯ ಗೆಳೆಯರನ್ನು ಬಿಟ್ಟ. ಪಾರ್ಶ್ವವಾಯು ಹೊಡೆದು ಮೂಲೆ ಸೇರಿದ ಹಳೆಯ ಮೇಲಧಿಕಾರಿಯ ಗುಂಪು ಬಿಟ್ಟ. ಕೊನೆಗೆ ಒಡಹುಟ್ಟಿದವರ ಗುಂಪನ್ನೂ ಬಿಟ್ಟ. ತಂಗಿ ಗ್ವಾಂಗ್‌ಸುಕ್ ತಕ್ಷಣ ಫೋನ್ ಮಾಡಿದಳು.

"ಅಣ್ಣಾ, ನಾಳೆ ಅಪ್ಪನ ತಿಥಿ. ಇವತ್ತು ಗುಂಪು ಬಿಟ್ಟು ಹೋಗ್ತೀಯಲ್ಲ, ನಾಚ್ಕೆ ಆಗಲ್ವಾ?"

"ಮೆಮೊರಿ ಸಾಲ್ತಿಲ್ಲ ಕಣೇ."

"ಹೌದು ಬಿಡು. ಜಾಗ ಮಾಡ್ಕೋಬೇಕು ಅಂದ್ರೆ ಮೊದ್ಲು ನಾವೇ ಕಾಣೋದು ನಿಂಗೆ."

ಇಷ್ಟಾದರೂ ಫೈಲು ತೆರೆಯಲಿಲ್ಲ. ಮೇಂಗ್ ಇನ್ನೊಂದು ಗುಂಪು ತೋರಿಸಿದ. ಟಾಕ್ ಕಟ್ಟಿದ್ದ, ಅಧಿಕಾರಿಗಳ ಬೆಟ್ಟ ಹತ್ತುವ ಗುಂಪು. "ಭಾರವೆಲ್ಲ ಇಲ್ಲೇ ಇದೆ." ದಿನ ಬೆಳಗಾದರೆ ಪ್ಯೋ ಅಲ್ಲಿಗೆ ಮಿನುಗುವ, ಕುಣಿಯುವ ಹೂವಿನ ಚಿತ್ರ ಹಾಕಿ ಸುಪ್ರಭಾತ ಹೇಳುತ್ತಿದ್ದ. ವಸಂತದಿಂದೀಚೆಗೆ ಬೇರೆ ಯಾರ ಒಂದು ಮಾತೂ ಇರಲಿಲ್ಲ. ಪ್ರತಿ ಹೂವಿನ ಪಕ್ಕದಲ್ಲೂ ಇನ್ನೂ ನೋಡದವರ ಸಂಖ್ಯೆ: ಇಪ್ಪತ್ತೆರಡು. ಅವನನ್ನು ಬಿಟ್ಟರೆ ಗುಂಪಿನಲ್ಲಿ ಇದ್ದವರೂ ಅಷ್ಟೇ. ಇವನ ಕಾಟ ತಾಳಲಾರದೆ ಅವರೆಲ್ಲ ಬೇರೆ ಗುಂಪು ಮಾಡಿಕೊಂಡದ್ದು ಕ್ಯಾಂಟೀನಿನ ಅಡುಗೆಯವಳಿಗೂ ಗೊತ್ತಿತ್ತು.

"ಇದೊಂದು ಬಿಟ್ಬಿಡಿ ಸಾಹೇಬ್ರೇ, ನಿಮ್ಮ ಫೈಲು ತಟ್ ಅಂತ ತೆರೆಯುತ್ತೆ."

"ದೊಡ್ಡೋರಿಗೆ ಪುರುಸೊತ್ತಿರಲ್ಲ ಕಣಯ್ಯ. ಒಂದಿನ ಎಲ್ಲಾ ಒಟ್ಟಿಗೆ ನೋಡ್ತಾರೆ."

ಥೂ! ಕಣ್ಣಿದ್ದೂ ಕುರುಡನಾಗಲು ಒಂದು ಯೋಗ್ಯತೆ ಬೇಕು. ಅದರಲ್ಲಿ ಪ್ಯೋನನ್ನು ಮೀರಿಸುವವರಿರಲಿಲ್ಲ. ಮೇಂಗ್ ಹಣೆ ಚಚ್ಚಿಕೊಂಡು ಹೋದ. ಟಾಕ್‌ರ ಮನಸ್ಸು ಇಂದಾದರೂ ಕರಗಲೆಂದು ಪ್ಯೋ, ತನ್ನಲ್ಲಿದ್ದುದರಲ್ಲೇ ದೊಡ್ಡದಾದ ಹಳದಿ ಸೇವಂತಿಗೆಯನ್ನು ಆರಿಸಿ ಗುಂಪಿಗೆ ಹಾಕಿದ.

ಇಪ್ಪತ್ತೆರಡು. ರೆಪ್ಪೆ ಮಿಟುಕಿಸದೆ ನೋಡುತ್ತ ಕುಳಿತ. ಸಂಖ್ಯೆ ಇಪ್ಪತ್ತೊಂದಕ್ಕೆ ಇಳಿಯಿತು.

"ನೋಡಿದ್ರು! ನೋಡಿದ್ರು ಕಣ್ರಯ್ಯ!" ಎಂದು ಕುರ್ಚಿಯಿಂದ ಎದ್ದೇಬಿಟ್ಟ. ಅಷ್ಟರಲ್ಲಿ ಹೂವಿನ ಕೆಳಗೆ ಒಂದು ಸಾಲು ಮೂಡಿತು: ನಿರ್ದೇಶಕ ಟಾಕ್ ಹೊರನಡೆದರು.