ಮೈಲಾರೇಶ ಮೇಸ್ತ್ರಿಯ ಸಹಿ

ಹರಪನಹಳ್ಳಿಯಲ್ಲಿ ಮನೆಗಳಿಗೆ ಬಣ್ಣ ಹೊಡೆಸುವ ಗುತ್ತಿಗೆ ಹಿಡಿಯುವ ಮೈಲಾರೇಶ ಮೇಸ್ತ್ರಿಗೆ ಲೈಸೆನ್ಸ್ ಇದೆಯೇ ಎಂದು ಕೇಳಿದರೆ, “ಬಸ್‌ಸ್ಟ್ಯಾಂಡ್ ಕಡೆ ಒಂದು ಸುತ್ತು ಹಾಕ್ಕೊಂಡು ಬರ್ರಿ, ನಾ ಬಣ್ಣ ಹೊಡ್ಸಿದ ಗ್ವಾಡಿಗಳ ಹೇಳ್ತಾವ” ಎನ್ನುತ್ತಿದ್ದ. ಆಳುಗಳಿಗೆ ವಿಮೆ ಕಟ್ಟಿದ್ದೀಯಾ ಎಂದು ಕೇಳಿದರೆ ಏಣಿಯ ಬುಡದಲ್ಲಿ ತೆಂಗಿನಕಾಯಿ ಒಡೆದು, “ಆತ್ ನೋಡ್ರಿ, ಕಟ್ಟಿದಂಗಾತು” ಎಂದು ಹಲ್ಲು ಕಿರಿಯುತ್ತಿದ್ದ. ಕಟ್ಟಡ ಕೆಲಸದವರಿಗೆ ಸರ್ಕಾರ ಕೊಡುವ ಲೇಬರ್ ಕಾರ್ಡಿಗೆ ಯಾರೇ ಅರ್ಜಿ ತರಲಿ, ಇವರು ನನ್ನ ಕೈಕೆಳಗಿನವರು ಎಂದು ಸಹಿ ಹಾಕಿಕೊಡುವುದರಲ್ಲಿ ಅವನದು ಕರ್ಣನ ಕೈ. ಬ್ರಷ್ಷನ್ನೇ ಮುಟ್ಟದ ಬಳೆ ಅಂಗಡಿಯವರು, ಟ್ಯೂಷನ್ ಮೇಡಮ್ಮು, ಅವನ ಬೀಗರು, ಎಲ್ಲರೂ ಪೇಂಟರುಗಳೇ. ಹಗ್ಗಕ್ಕೆ ಜೋತುಬಿದ್ದು ನಿಜವಾಗಿ ಬಣ್ಣ ಹೊಡೆಯುವ ಓಬಳೇಶ ಕೇಳಿದಾಗ ಮಾತ್ರ, “ನೀ ನಮ್ಮಾಂವಲೇ, ನಿಂದೇನು ಅವಸರ, ನಾಳಿ ಮಾಡ್ಸೋಣ” ಎನ್ನುತ್ತಿದ್ದ. ಹೋದ ದೀಪಾವಳಿ ಹೊತ್ತಿಗೆ ಓಬಳೇಶ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡ; ಕಾರ್ಡಿಲ್ಲದವನಿಗೆ ಪರಿಹಾರವೂ ಸಿಗಲಿಲ್ಲ. ಅವನ ಹೆಂಡತಿ ಗಾಳೆಮ್ಮ ಮೇಸ್ತ್ರಿಗೆ ಬೈಯಲಿಲ್ಲ. “ನಾಳಿ ಅಂದಿದ್ರಂತಲ್ರಿ” ಎಂದಷ್ಟೇ ಕೇಳಿದಳು. ಮೇಸ್ತ್ರಿ ಈಗಲೂ ಕಾಯಿ ಒಡೆಯುತ್ತಾನೆ, ಹಲ್ಲು ಕಿರಿಯದೆ. ಅರ್ಜಿ ಹಿಡಿದು ಯಾರಾದರೂ ಬರುವುದು ಕಂಡರೆ ಸಾಕು, ಬಲಗೈಯನ್ನು ಬಣ್ಣದ ಬಕೆಟ್ಟಿನಲ್ಲಿ ಮಣಿಕಟ್ಟಿನವರೆಗೆ ಅದ್ದಿ, “ಕೈಯೆಲ್ಲ ಬಣ್ಣ ಆಗೈತ್ರಿ” ಎಂದು ತಲೆ ತಗ್ಗಿಸುತ್ತಾನೆ. ನಾಳೆ ಬನ್ನಿ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ.