ಅಕ್ಕನಾಗಮ್ಮನ ಮುಂದೆ ಮುಚ್ಚಿಡಲಾಗದ ನೋವು

ಬೆಳಗಿನ ಆರೂವರೆ. ತೆಕ್ಕಲಕೋಟೆ ಕಡೆಯ ಮೊದಲ ಬಸ್ಸಿನಿಂದ ಇಳಿದವರು ಸಿರುಗುಪ್ಪದ ಕೀಲುನೋವಿನ ಆಸ್ಪತ್ರೆಯೊಂದರ ಮೆಟ್ಟಿಲು ಹತ್ತುತ್ತಿದ್ದಾರೆ. ಆಯಾ ಅಕ್ಕನಾಗಮ್ಮ ವರಾಂಡ ಒರೆಸುತ್ತಿದ್ದಾರೆ, ನೋಟ ಮಾತ್ರ ಬಂದವರ ಮೇಲೆ. ಯಾರು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ತಂದು ನಿಲ್ಲುತ್ತಾರೆ, ಯಾರು ಕೂರುವ ಮುನ್ನ ಗೋಡೆ ಹಿಡಿಯುತ್ತಾರೆ, ಯಾರು ಚಹಾದ ಲೋಟವನ್ನು ಬೆರಳು ಬಿಟ್ಟು ಅಂಗೈಗಳ ನಡುವೆ ಹಿಡಿಯುತ್ತಾರೆ ಎಂಬುದನ್ನೆಲ್ಲ ಅವರು ನೆನಪಿಟ್ಟುಕೊಳ್ಳುತ್ತಾರೆ.

ದಿನಕ್ಕೆ ನಲವತ್ತೈವತ್ತು ರೋಗಿಗಳು. ನೋವಿಗೆ ಹತ್ತರಲ್ಲಿ ಎಷ್ಟು ಅಂಕಿ ಕೊಡುತ್ತೀರಿ ಎಂದು ಒಳಗೆ ವೈದ್ಯರು ಕೇಳುತ್ತಾರೆ. ಆ ಅಂಕಿಯ ಮೇಲೆ ಅಕ್ಕನಾಗಮ್ಮನಿಗೆ ನಂಬಿಕೆಯಿಲ್ಲ. "ನಮ್ಮ ಹೆಣ್ಮಕ್ಳು ಒಂಬತ್ತಿದ್ರ ಎರಡು ಅಂತಾರ್ರಿ. ಬಾಯಿ ಸುಳ್ಳು ಹೇಳ್ತೈತಿ, ಮೊಣಕಾಲು ಹೇಳಂಗಿಲ್ಲ."

ಕುರುಗೋಡಿನವರಾದ ಇವರು ಓದಿದ್ದು ಐದನೇ ತರಗತಿ. ತಾಯಿಗೆ ಇಪ್ಪತ್ತು ವರ್ಷ ಕೀಲುವಾತವಿತ್ತು. ರೊಟ್ಟಿ ಬಡಿಯಲಾಗದೆ ಕೂತರೆ ಮನೆಯವರು ಮೈಗಳ್ಳಿ ಎಂದರು. ಬೆರಳು ಸೊಟ್ಟಗಾದ ಮೇಲೆಯೇ ನಂಬಿದ್ದು. ಆ ಸಿಟ್ಟು ಐವತ್ತೆರಡರ ಅಕ್ಕನಾಗಮ್ಮನಲ್ಲಿ ಇನ್ನೂ ಆರಿಲ್ಲ.

ಎರಡು ವರ್ಷದ ಹಿಂದೆ ದೇಶನೂರಿನ ಎಲ್ಲಮ್ಮ ಬಂದಾಗ ಅದು ಹೊರಬಿತ್ತು. ಭತ್ತದ ನಾಟಿಗೆ ಹೋಗದೆ ನೆಪ ಹೇಳುತ್ತಾಳೆಂದು ಗಂಡ ಪಕ್ಕದಲ್ಲೇ ನಿಂತು ದೂರುತ್ತಿದ್ದರು. ಎಲ್ಲಮ್ಮ ತಲೆ ತಗ್ಗಿಸಿ, ಅಷ್ಟೇನಿಲ್ಲ ಎಂದರು. ನಿಶ್ಶಕ್ತಿ ಇರಬೇಕೆಂದು ವೈದ್ಯ ಸುಶಮೀಂದ್ರ ಟಾನಿಕ್ ಬರೆಯತೊಡಗಿದರು. ಹೊರಗಿದ್ದ ಅಕ್ಕನಾಗಮ್ಮ ಒಳಗೇ ಬಂದುಬಿಟ್ಟರು. ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ವೈದ್ಯರು ಗದರಿದರೂ ಕದಲಲಿಲ್ಲ.

"ನೋಡ್ಕೋತೀನ್ರಿ ಸರ. ಮೊದ್ಲು ಆಕಿ ಕೈಯಾಗ ಆ ನೀರಿನ ಬಾಟ್ಲಿ ಕೊಡ್ರಿ. ಮುಚ್ಚಳ ತಗೀಲಿ."

ಎಲ್ಲಮ್ಮ ಬೆರಳಲ್ಲಿ ತಿರುಗಿಸಲು ನೋಡಿದರು, ಆಗಲಿಲ್ಲ. ಅಂಗೈಯಲ್ಲಿ ಒತ್ತಿದರು. ಕೊನೆಗೆ ಹಲ್ಲಿಗೆ ಒಯ್ದರು. ಗಂಡ ಬಾಟಲಿ ಇಸಿದುಕೊಂಡು ತಾವೇ ಮುಚ್ಚಳ ತೆಗೆದುಕೊಟ್ಟರು. ಸುಶಮೀಂದ್ರ ಬರೆದಿದ್ದ ಚೀಟಿ ಹರಿದು, ರಕ್ತಪರೀಕ್ಷೆಗೆ ಕಳಿಸಿದರು. ಕೀಲುಗಳನ್ನೇ ತಿನ್ನುವ ಸಂಧಿವಾತವೆಂದು ಗೊತ್ತಾಯಿತು. ಎಲ್ಲಮ್ಮನ ಎರಡು ಬೆರಳು ಇವತ್ತಿಗೂ ಸೊಟ್ಟಗಿವೆ, ಮಿಕ್ಕವು ಚಿಕಿತ್ಸೆಯಿಂದ ಉಳಿದವು. ಈಗ ತಿಂಗಳಿಗೊಮ್ಮೆ ಒಬ್ಬರೇ ಬಂದು ಗುಳಿಗೆ ಒಯ್ಯುತ್ತಾರೆ.

ಅಂದಿನಿಂದ ಸುಶಮೀಂದ್ರ ರೋಗಿಗಳನ್ನು ನೋಡುವ ಮೊದಲು ಅಕ್ಕನಾಗಮ್ಮನನ್ನು ಕರೆದು, ಯಾರಲ್ಲಿ ಏನು ಕಂಡಿರಿ ಎಂದು ಕೇಳುತ್ತಾರೆ. ಆಡಳಿತದವರಿಗೆ ಇದು ಸರಿಬಂದಿಲ್ಲ. ಆಯಾಗಳು ವೈದ್ಯರ ಕೋಣೆಯ ಬಾಗಿಲಲ್ಲಿ ನಿಲ್ಲಬಾರದೆಂದು ಕಳೆದ ತಿಂಗಳು ನೋಟಿಸ್ ಅಂಟಿಸಿದ್ದಾರೆ. ಅದನ್ನು ಓದಿದಿರಾ ಎಂದು ಕೇಳಿದರೆ ಅಕ್ಕನಾಗಮ್ಮ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಲೇ ಉತ್ತರಿಸುತ್ತಾರೆ.

"ಓದೀನ್ರಿ. ಬಾಗಲ್ದಾಗ ನಿಂದ್ರಬ್ಯಾಡ ಅಂದ್ರ ಕಿಟಕ್ಯಾಗಿಂದ ಹೇಳ್ತೀನಿ. ಹೇಳೋದು ಮಾತ್ರ ಬಿಡಂಗಿಲ್ಲ."