ಸುಕ್ಕುಗಟ್ಟಿದ ಚಿತ್ರ ಹೊತ್ತು ನ್ಯಾಮತಿಗೆ

ಬೆಳಿಗ್ಗೆ ಆರೂವರೆಗೆ ಜಗಳೂರಿನಿಂದ ದಾವಣಗೆರೆಗೆ ಹೊರಡುವ ಸರ್ಕಾರಿ ಬಸ್ಸು ಹತ್ತುವಾಗ ಕಂಡಕ್ಟರ್ ನನ್ನ ಕೈಯಲ್ಲಿದ್ದ ಚೌಕಾಕಾರದ ಗಂಟು ನೋಡಿ, "ಟಿ.ವಿ. ಏನಕ್ಕಾ? ರಿಪೇರಿಗಾ?" ಎಂದು ಕೇಳಿದ.

"ರಿಪೇರಿಗೇ. ಆದ್ರೆ ಟಿ.ವಿ. ಅಲ್ಲ" ಎಂದೆ.

ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟು ಅವನು ಮುಂದಕ್ಕೆ ಹೋದ. ನಾನು ಗಂಟನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡು ಕೂತೆ. ಹಳೆಯ ಚಾದರದೊಳಗೆ ಎರಡೂವರೆ ಅಡಿ ಎತ್ತರದ ಒಂದು ತೈಲಚಿತ್ರವಿತ್ತು. ಬಣ್ಣ ಇನ್ನೂ ಒಣಗಿರಲಿಲ್ಲ. ಬಟ್ಟೆ ಬಣ್ಣಕ್ಕೆ ತಾಗಬಾರದೆಂದು ನಾಲ್ಕು ಮೂಲೆಗೂ ಖಾಲಿ ದಾರದ ಉಂಡೆಗಳನ್ನು ಕಟ್ಟಿ, ಅವುಗಳ ಮೇಲೆ ರಟ್ಟು ಇಟ್ಟು, ಅದರ ಮೇಲೆ ಚಾದರ ಸುತ್ತಿದ್ದೆ. ಹೊಲಿಗೆಯವಳ ಬುದ್ಧಿ ಅಷ್ಟಕ್ಕಾದರೂ ಒದಗಿತ್ತು.

ಜಗಳೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ನಾಲ್ಕು ವರ್ಷದಿಂದ ಮಧ್ಯಾಹ್ನದ ಬಿಡುವಿನಲ್ಲಿ ಫೋನಿನಲ್ಲಿ ವೀಡಿಯೊ ನೋಡಿಕೊಂಡು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಬದನೆಕಾಯಿ, ಮಜ್ಜಿಗೆ ಚೊಂಬು, ಹೊಲಿಗೆ ಮಿಷನ್ನು ಇಂಥವೇ. ಈ ಸಲ ಮಾತ್ರ ಮನುಷ್ಯರ ಮುಖಕ್ಕೆ ಕೈಹಾಕಿದ್ದೆ. ನಮ್ಮೂರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಗಂಗಮ್ಮ ಸಿಸ್ಟರ್ ನಿವೃತ್ತರಾಗುವವರಿದ್ದರು. ನನ್ನ ಎರಡೂ ಹೆಣ್ಣುಮಕ್ಕಳು ಮೊದಲು ಬಂದದ್ದು ಅವರ ಕೈಗೆ. ಭಾನುವಾರ ಅವರಿಗೆ ಸನ್ಮಾನ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ, "ಶಾಲು ಎಲ್ರೂ ಹೊದಿಸ್ತಾರೆ. ಶಾರದಾ, ನೀನು ಅವರ ಚಿತ್ರ ಬರಿ" ಎಂದಿದ್ದರು.

ನಿವೃತ್ತಿಗೆ ಮುಂಚೆ ಸಿಸ್ಟರ್ ಎರಡು ದಿನ ರಾತ್ರಿ ಪಾಳಿ ಮುಗಿಸಿ ನೇರವಾಗಿ ನನ್ನ ಅಂಗಡಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸೀರೆಯ ಮೇಲಿನ ಬಿಳಿ ಕೋಟನ್ನೂ ತೆಗೆದಿರಲಿಲ್ಲ. ಕಣ್ಣಲ್ಲಿ ನಿದ್ದೆ, ತುಟಿಯ ಅಂಚಿನಲ್ಲಿ ಏನೋ ನೆನೆದು ನಗುವ ಹಾಗಿನ ಒಂದು ಗೆರೆ. ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿಕೊಂಡು ಆ ಮುಖ ಹಿಡಿದಿದ್ದೆ. ಆಮೇಲೆ ಕೆಟ್ಟದ್ದು ನನ್ನಿಂದಲೇ. ಹೊಳಪು ಸಾಲದು ಅನ್ನಿಸಿತು. ಎಣ್ಣೆ ಸೇರಿಸಿದರೆ ಹೊಳಪು ಬರುತ್ತದೆ ಎಂದು ಯಾವುದೋ ವೀಡಿಯೊದಲ್ಲಿ ಕೇಳಿದ್ದೆ. ಗಾಣದಿಂದ ತಂದಿದ್ದ ಅಗಸೆ ಎಣ್ಣೆಯನ್ನು ಧಾರಾಳವಾಗಿ ಬೆರೆಸಿ ಮುಖ, ಕೋಟು ಎಲ್ಲದರ ಮೇಲೂ ದಪ್ಪಗೆ ಇನ್ನೊಂದು ಸಲ ಹಚ್ಚಿದೆ. ಮೂರು ವಾರವಾದರೂ ಅದು ಒಣಗಲಿಲ್ಲ. ಮೇಲ್ಪದರ ಮಾತ್ರ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಕೆನ್ನೆ, ಹಣೆ, ಕಣ್ಣು, ಎಲ್ಲವೂ ಮುದುಡಿಕೊಂಡವು.

ಮತ್ತೆ ಕೂರಿಸಿ ಬರೆಯೋಣವೆಂದರೆ, ಈ ಮಧ್ಯೆ ಸಿಸ್ಟರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿ ಮೈಸೂರಿನ ಮಗಳ ಮನೆಯಲ್ಲಿ ಮಲಗಿದ್ದರು. ಸನ್ಮಾನಕ್ಕೆ ಕಾರಿನಲ್ಲಿ ಕರೆತರುವವರಿದ್ದರು. ಮಗಳು ಕಳಿಸಿದ ಫೋಟೋ ನೋಡಿದರೆ ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನೆದುರು ಕೂತಿದ್ದ ಆ ಮುಖ ಇನ್ನು ಎಲ್ಲಿಂದ ಸಿಗಬೇಕು? ಆಗಲೇ ಗುರುವಾರ. ಚನ್ನಗಿರಿಯಲ್ಲಿರುವ ನನ್ನ ನಾದಿನಿ ರೇಣುಕಾಗೆ ಫೋನಿನಲ್ಲಿ ಅತ್ತುಕೊಂಡಾಗ ಅವಳು, "ನಮ್ಮ ಬೇಕರಿ ಬೋರ್ಡ್ ಬರೆದ ಸಾಹೇಬ್ರು ಎಣ್ಣೆಬಣ್ಣದಾಗೆ ಭಾಳ ಪಳಗಿದೋರು ಅತ್ತಿಗೆ. ಚಿತ್ರ ತಗೊಂಡು ಬಂದುಬಿಡು" ಎಂದಿದ್ದಳು. ಹಾಗೆ ಹೊರಟ ಪ್ರಯಾಣ ಇದು.

ಜಗಳೂರು ದಾಟುತ್ತಿದ್ದಂತೆ ರಸ್ತೆಯ ಅಂಚಿನುದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ಬಸ್ಸು ಆಗಾಗ ಕುರಿ ಹಿಂಡಿಗೆ ದಾರಿ ಬಿಡುತ್ತಿತ್ತು. ದಾವಣಗೆರೆಯಲ್ಲಿ ಎರಡು ಇಡ್ಲಿ ತಿಂದು, ಸಂತೇಬೆನ್ನೂರಿನ ಮೇಲೆ ಹೋಗುವ ಚನ್ನಗಿರಿ ಬಸ್ಸು ಹಿಡಿದೆ. ಅಲ್ಲಿಂದಾಚೆ ಬಣ್ಣವೇ ಬದಲಾಯಿತು. ಬೂದು ಕಂದಿನ ಬಯಲು ಹೋಗಿ ಕಾಲುವೆ ನೀರಿನ ಹಸಿರು ಬಂತು. ಬೇರೆ ದಿನವಾಗಿದ್ದರೆ ಈ ಹಸಿರಿಗೆ ಹಳದಿ ಎಷ್ಟು, ನೀಲಿ ಎಷ್ಟು ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಸಂತೇಬೆನ್ನೂರಿನ ಪುಷ್ಕರಣಿಯನ್ನು ಬರೆಯಬೇಕೆಂಬ ಆಸೆ ಮೊದಲಿಂದಲೂ ಇತ್ತು. ಆ ದಿನ ಬಸ್ಸು ಅಲ್ಲಿ ಹತ್ತು ನಿಮಿಷ ನಿಂತರೂ ಇಳಿಯಲಿಲ್ಲ. ಗಂಟು ಬಿಟ್ಟು ಇಳಿಯುವ ಧೈರ್ಯವಿರಲಿಲ್ಲ.

ಚನ್ನಗಿರಿ ತಲುಪಿದಾಗ ಹನ್ನೊಂದೂವರೆ. ರೇಣುಕಾ ಬಸ್ ನಿಲ್ದಾಣಕ್ಕೇ ಬಂದಿದ್ದಳು, ಮುಖ ಸಪ್ಪಗಿತ್ತು.

"ಸಾಹೇಬ್ರು ಊರಾಗೆ ಇಲ್ಲಂತೆ ಅತ್ತಿಗೆ. ಬೆಳಿಗ್ಗೆ ವಿಚಾರಿಸಿದೆ. ಹೊನ್ನಾಳಿಗೆ ಹೋಗಿ ಆರು ವರ್ಷ ಆತಂತೆ. ನಂಗೆ ಗೊತ್ತೇ ಇರಲಿಲ್ಲ."

ಬೇಕರಿಯ ಬೋರ್ಡಿನ ಕೆಳಗೆ ಮೂಲೆಯಲ್ಲಿ 'ದಾದಾಪೀರ್, ಪೇಂಟರ್' ಎಂಬ ಸಹಿ ಇತ್ತು. ಪಕ್ಕದಲ್ಲಿದ್ದ ಸ್ಥಿರ ದೂರವಾಣಿಯ ಸಂಖ್ಯೆಗೆ ಫೋನ್ ಮಾಡಿದರೆ ಅಂಥ ನಂಬರೇ ಇಲ್ಲ. ಬೋರ್ಡನ್ನು ದಿಟ್ಟಿಸಿದೆ. ಹತ್ತು ವರ್ಷ ಬಿಸಿಲು ತಿಂದರೂ ಕೇಕಿನ ಮೇಲಿನ ಕೆಂಪು ಚೆರ್ರಿಯಲ್ಲಿ ಒಂದು ಬಿರುಕಿಲ್ಲ. ಇವರನ್ನು ಹುಡುಕಲೇಬೇಕು ಅನ್ನಿಸಿತು. ರೇಣುಕಾ ಊಟ ಮಾಡಿಯೇ ಹೋಗು ಎಂದು ಹಟ ಹಿಡಿದಳು. ಅನ್ನ ಸಾರು ಉಂಡು ಒಂದು ಗಂಟೆಯ ಖಾಸಗಿ ಬಸ್ಸು ಹತ್ತಿದೆ. ಅಲ್ಲಿ ನನಗೂ ಟಿಕೆಟ್, ಚಿತ್ರಕ್ಕೂ ಹತ್ತು ರೂಪಾಯಿ ಲಗೇಜು.

ಹೊನ್ನಾಳಿಯಲ್ಲಿ ಇಳಿದಾಗ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಪೇಂಟರ್ ಎಂದರೆ ಎಲ್ಲರೂ ಮನೆಗೆ ಸುಣ್ಣ ಬಣ್ಣ ಹೊಡೆಯುವವರನ್ನೇ ತೋರಿಸಿದರು. ಕೊನೆಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯೊಂದು ಕಂಡಿತು. ಚಿತ್ರ ಬರೆಯುವವರು ಚೌಕಟ್ಟಿನವರ ಹತ್ತಿರ ಬಂದೇ ಬರುತ್ತಾರೆ. ಗಾಜು ಕೊಯ್ಯುತ್ತಿದ್ದ ಯಜಮಾನ ತಲೆ ಎತ್ತದೆ ಹೇಳಿದ:

"ದಾದಾಪೀರಣ್ಣ? ಈಗ ಬೋರ್ಡ್ ಬರೆಯಾಕಿಲ್ಲ ಬಿಡ್ರಿ. ಎಲ್ಲಾ ಫ್ಲೆಕ್ಸ್ ಆತಲ್ಲ. ನ್ಯಾಮತಿಯಾಗೆ ಮಗಳ ಮನೆಯಾಗೆ ಅದಾರೆ. ಮೊನ್ನೆ ಅಳಿಯ ಇಲ್ಲೇ ಬಂದಿದ್ದ." ಆಮೇಲೆ ನನ್ನ ಮುಖ ನೋಡಿದ. "ಬರ್ರಿ, ಕೂತ್ಕೋರಿ. ಅಳಿಯಂಗೆ ಫೋನ್ ಹಚ್ತೀನಿ."

ಫೋನ್ ಹತ್ತಿತು. ಸಾಹೇಬರು ಮನೆಯಲ್ಲೇ ಇದ್ದರು. ಆ ಪುಣ್ಯಾತ್ಮ ತರಿಸಿಕೊಟ್ಟ ಚಹಾ ಕುಡಿದು ನ್ಯಾಮತಿ ಬಸ್ಸು ಹಿಡಿದೆ. ಅರ್ಧ ಗಂಟೆಯ ದಾರಿ.

ದಾದಾಪೀರ್ ಸಾಹೇಬರು ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ನನ್ನನ್ನೇ ಕಾಯುತ್ತಿದ್ದರು. ನಾನು ಗಂಟು ಬಿಚ್ಚಿ ಅವರ ಎದುರು ನಿಲ್ಲಿಸಿದೆ. ಅವರು ಬಗ್ಗಿ ಮೂಸಿದರು. ಚಿತ್ರದ ಅಂಚಿನಲ್ಲಿ ಕಿರುಬೆರಳ ಉಗುರು ಒತ್ತಿ ನೋಡಿದರು.

"ಅಡುಗೆ ಎಣ್ಣೆ ಹಾಕೀರೇನಮ್ಮಾ?"

"ಗಾಣದ ಅಗಸೆ ಎಣ್ಣೆ ಸಾಹೇಬ್ರೇ."

"ಚಟ್ನಿಪುಡಿಗೆ ಹಾಕ್ಕೊಳ್ರಿ, ಚಲೋ ಇರ್ತೈತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅದನ್ನು ಕಂಡು ಅವರೂ ನಗು ನಿಲ್ಲಿಸಿದರು. "ಅಡಿಯಾಗೆ ಮೊದಲನೇ ಕೈ ಹೆಂಗೆ ಹಚ್ಚಿದ್ರಿ? ತೆಳ್ಳಗೋ ದಪ್ಪಗೋ?"

"ನೀರಿನಂಗೆ ತೆಳ್ಳಗೆ. ಬರೀ ಟರ್ಪೆಂಟೈನ್. ಒಂದು ವಾರ ಒಣಗಿಸಿ ಆಮೇಲೆ ಇದನ್ನ ಹಚ್ಚಿದೆ."

"ಹಂಗಾದ್ರೆ ಅಡಿಂದು ಒಣಗಿರ್ತೈತೆ, ಮೇಲಿಂದು ಎಬ್ಬಿಸಿ ನೋಡೋಣ. ಈಗ ಬ್ಯಾಡ, ಬೆಳಕು ಹೋತು. ಲೈಟಿನ ಕೆಳಗೆ ಬಣ್ಣ ಮುಟ್ಟಬಾರ್ದು. ಬೆಳಿಗ್ಗೆ ಮಾಡೋಣ."

ಆಗುತ್ತದೆ ಎನ್ನಲಿಲ್ಲ, ಆಗದು ಎಂದೂ ಎನ್ನಲಿಲ್ಲ. ಲಾಡ್ಜ್ ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರ ಮಗಳು ಶಬಾನಾ ಸಿಟ್ಟೇ ಮಾಡಿಕೊಂಡಳು. "ಇಷ್ಟು ದೂರ ಅಬ್ಬಾನ್ನ ಹುಡುಕ್ಕೊಂಡು ಬಂದೀರಿ, ಲಾಡ್ಜಿಗೆ ಕಳಿಸ್ತೀವಾ ಅಕ್ಕಾ?" ನನಗಾಗಿ ಬೇರೆ ಒಲೆಯಲ್ಲಿ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದಳು. ಅವಳ ಕುಪ್ಪಸದ ಕೈ ಬಿಗಿಯಾಗಿತ್ತು. ಊಟವಾದ ಮೇಲೆ ಬಿಚ್ಚಿ ಹೊಲಿದುಕೊಟ್ಟೆ. ಆ ಹೊತ್ತಿನಲ್ಲಿ ಕೈಗೊಂದು ಕೆಲಸ ಬೇಕಾಗಿತ್ತು.

ಬೆಳಿಗ್ಗೆ ಏಳೂವರೆಗೆ ಅಂಗಳಕ್ಕೆ ಬಿಸಿಲು ಬೀಳುವ ಮುಂಚೆ ಸಾಹೇಬರು ಚಿತ್ರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು. ತಮ್ಮ ಹಳೆಯ ಪೆಟ್ಟಿಗೆಯಿಂದ ಬಣ್ಣ ಕಲಸುವ ಚಾಕು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಗಾಬರಿಯಾದೆ.

"ನೀವೇ ಮಾಡ್ರಿ ಸಾಹೇಬ್ರೇ. ನಂಗೆ ಆಗಾಕಿಲ್ಲ."

ಅವರು ಬಲಗೈ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಇದು ಇನ್ನೊಬ್ಬರ ಮುಖದ ಮ್ಯಾಲೆ ಚಾಕು ಹಿಡಿಯೋ ಕೈ ಅಲ್ಲಮ್ಮಾ. ನಿಮ್ಮ ಕೈ ಬಟ್ಟೆ ಕತ್ತರಿಸೋ ಕೈ. ನಾನು ಪಕ್ಕದಾಗೆ ಇರ್ತೀನಿ."

ಮೊದಲು ಕೋಟಿನ ಅಂಚಿನಿಂದ ಶುರು ಮಾಡಿಸಿದರು. ಚಾಕುವನ್ನು ಮಲಗಿಸಿ ಹಿಡಿಯಬೇಕು, ಹೆರೆಯಬಾರದು, ತಳ್ಳಬೇಕು. ಹಸಿ ಬಣ್ಣ ಬೆಣ್ಣೆಯಂತೆ ಮಡಚಿಕೊಂಡು ಚಾಕುವಿಗೆ ಬಂತು. ಹಳೆಯ ಬನಿಯನ್ ಬಟ್ಟೆಗೆ ಒಂದೇ ತೊಟ್ಟು ಟರ್ಪೆಂಟೈನ್ ಹಾಕಿ ಒರೆಸಲು ಹೇಳಿದರು. "ಉಜ್ಜಬ್ಯಾಡ್ರಿ. ಮಗೀನ ಬಾಯಿ ಒರೆಸಿದಂಗೆ." ಅಡಿಯಲ್ಲಿ ಮೊದಲ ಕೈಯ ಬಿಳಿ ಕೋಟು ಕಾಣಿಸಿತು. ಅದು ಅಲುಗಿರಲಿಲ್ಲ. ಆಮೇಲೆ ಕುತ್ತಿಗೆ, ಗದ್ದ. ಕಣ್ಣಿನ ಹತ್ತಿರ ಬಂದಾಗ ಕೈ ನಿಂತುಹೋಯಿತು. ಶಬಾನಾ ಚಹಾ ತಂದಿಟ್ಟು ಅಲ್ಲೇ ನಿಂತಳು. ಉಸಿರು ಬಿಗಿಹಿಡಿದು ರೆಪ್ಪೆಯ ಮೇಲಿನ ಸುಕ್ಕನ್ನು ತಳ್ಳಿದೆ, ಒರೆಸಿದೆ.

ಸಿಸ್ಟರ್ ನೋಡುತ್ತಿದ್ದರು. ರಾತ್ರಿಯೆಲ್ಲ ಎಚ್ಚರವಿದ್ದ ಅದೇ ಕಣ್ಣು. ತುಟಿಯ ಅಂಚಿನ ಆ ಗೆರೆ ಅಲ್ಲೇ ಇತ್ತು. ಎಲ್ಲೂ ಹೋಗಿರಲಿಲ್ಲ.

ನಾನು ಚಾಕು ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಶಬಾನಾ ಬೆನ್ನು ಸವರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. "ಯಾರು ಅಕ್ಕಾ ಇವ್ರು?" ಎಂದು ಅವಳು ಕೇಳಿದ್ದು ಆಮೇಲೆ.

ಉಳಿದದ್ದನ್ನು ಒರೆಸಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಎಡಕಿವಿಯ ಹತ್ತಿರ ಬೆರಳಗಲ ಜಾಗದಲ್ಲಿ ಅಡಿಯ ಬಣ್ಣವೂ ಎದ್ದುಹೋಗಿತ್ತು. ಅಲ್ಲಿಗೆ ಮಾತ್ರ ತೆಳ್ಳನೆಯ ಕಂದು ಹಚ್ಚಿಸಿದರು. ನಾನು ಹಣೆಗೂ ಸ್ವಲ್ಪ ಎಂದು ಬ್ರಷ್ ಎತ್ತಿದಾಗ ಸಾಹೇಬರು ನನ್ನ ಮಣಿಕಟ್ಟು ಹಿಡಿದರು.

"ಸಾಕು ಬಿಡ್ರಿ. ಮೊದಲನೇ ಕೈಗೇ ಇದು ಮುಗಿದಿತ್ತು. ನಿಮಗೆ ಗೊತ್ತಾಗಿಲ್ಲ ಅಷ್ಟೇ."

ಮೊದಲ ಕೈ ತೆಳ್ಳಗಿರಲಿ, ಮೇಲೆ ಹೋದ ಹಾಗೆ ಎಣ್ಣೆ ಹೆಚ್ಚಲಿ, ಆದರೆ ತೊಟ್ಟಿನ ಲೆಕ್ಕದಲ್ಲಿ ಎಂದು ಹೇಳಿಕೊಟ್ಟರು. ಚಿತ್ರಕ್ಕೆಂದೇ ಶುದ್ಧಮಾಡಿದ ಅಗಸೆ ಎಣ್ಣೆ ಬೇರೆ ಸಿಗುತ್ತದಂತೆ. ನನ್ನ ಹನ್ನೆರಡು ಬ್ರಷ್ಷುಗಳ ಸೆಟ್ಟಿನ ಫೋಟೋ ನೋಡಿ, "ಇದು ಮಕ್ಕಳಿಗೆ ಕೊಡ್ರಿ. ಮೂರು ಸಾಕು. ಒಂದು ಅಗಲದ್ದು, ಒಂದು ನಡುವಿಂದು, ಒಂದು ಚೂಪಿಂದು. ಕೂದಲು ಬಗ್ಗಿಸಿದ್ರೆ ತಾನೇ ಎದ್ದು ನಿಲ್ಲಬೇಕು" ಎಂದರು. ಕ್ಯಾನ್ವಾಸ್ ಎಲ್ಲಿಯದು ಎಂದು ಕೇಳಿದಾಗ ಅಂಗಡಿಯ ದಪ್ಪ ಕೋರಾ ಬಟ್ಟೆಗೆ ನಾನೇ ಬಿಳಿ ಬಳಿದದ್ದು ಎಂದೆ. ಹಿಂಬದಿ ತಿರುಗಿಸಿ ನೇಯ್ಗೆಯ ಮೇಲೆ ಬೆರಳಾಡಿಸಿ, "ಇದರಾಗೆ ನೀವೇ ನಂಗೆ ಕಲಿಸಬೇಕು" ಎಂದರು. ಆ ಮಾತು ಕೇಳಿ ಆದ ಖುಷಿ ಸಣ್ಣದಲ್ಲ.

ಏನಾದರೂ ಕೊಡಲು ಹೋದರೆ ಬೇಡವೆಂದು ಕೈಮುಗಿದರು. "ಯಾರೋ ಒಬ್ಬರು ಬಣ್ಣದ ಮಾತು ಆಡಾಕೆ ಬಂದು ಎಷ್ಟು ವರ್ಷ ಆತು" ಎಂದಷ್ಟೇ ಹೇಳಿದರು. ಓಣಿ ತಿರುಗುವ ಮುಂಚೆ ಹಿಂದಿರುಗಿ ನೋಡಿದೆ. ಅಪ್ಪ ಮಗಳು ಇಬ್ಬರೂ ಕಟ್ಟೆಯ ಮೇಲೆ ನಿಂತೇ ಇದ್ದರು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆಹೋದೆ, ಮೂರು ವಾರದಲ್ಲಿ ಮೊದಲ ಸಲ. ದಾವಣಗೆರೆ ಬಂದಾಗ ಕಂಡಕ್ಟರ್ ಎಬ್ಬಿಸಬೇಕಾಯಿತು. ಸಾಹೇಬರು ಹೇಳಿದ ಅಂಗಡಿ ಹುಡುಕಿ ಮೂರು ಬ್ರಷ್ಷುಗಳ ಕೂದಲನ್ನು ಅಂಗೈ ಮೇಲೆ ಬಗ್ಗಿಸಿ ಬಗ್ಗಿಸಿ ಆರಿಸಿದೆ. ಚಾಕುಗಳನ್ನು ಹೆಬ್ಬೆರಳಿಗೆ ಒತ್ತಿ ನೋಡಿ, ಕತ್ತರಿಯ ಅಲಗಿನಷ್ಟು ತೆಳುವಾಗಿ ಬಳುಕುವ ಒಂದನ್ನು ತೆಗೆದುಕೊಂಡೆ. ಅಂಗಡಿಯವನು, "ಮೇಡಂ, ಎಲ್ಲಿ ಕಲಿತಿದ್ದು?" ಎಂದ. "ನ್ಯಾಮತಿಯಲ್ಲಿ" ಎಂದೆ.

ಜಗಳೂರು ಬಸ್ಸು ತುಂಬಿ ತುಳುಕುತ್ತಿತ್ತು. ಹತ್ತುವ ನೂಕಿನಲ್ಲಿ ರಟ್ಟು ಮುರಿದುಹೋಗಿತ್ತು, ಕಿವಿಯ ಹತ್ತಿರದ ಬಣ್ಣ ಹಸಿಯಾದ್ದರಿಂದ ಬರೀ ಚಾದರದಲ್ಲಿ ಚಿತ್ರ ಮುಚ್ಚುವಂತಿರಲಿಲ್ಲ. ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ಕಂಬಕ್ಕೆ ಒರಗಿ ನಿಂತೆ. ಬಸ್ಸು ಊರು ದಾಟುವಾಗ ಕಿಟಕಿಯ ಪಕ್ಕದ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ಚಿತ್ರವನ್ನೇ ನೋಡುತ್ತಿದ್ದಳು. ನನಗೆ ಅವಳ ಗುರುತಿರಲಿಲ್ಲ. ಯಾವುದೋ ಹಳ್ಳಿಯವಳು.

"ಗಂಗಮ್ಮ ಸಿಸ್ಟರ್ ಅಲ್ಲೇನ್ರೀ ಇವ್ರು?" ಎಂದಳು. ನಾನು ತಲೆಯಾಡಿಸಿದೆ. ಅವಳು ಮಗುವಿನ ಮುಖ ಚಿತ್ರದ ಕಡೆ ತಿರುಗಿಸಿದಳು. "ಇದು ಹುಟ್ಟಿದ ಬೆಳಿಗ್ಗೆ ಹಿಂಗೇ ನೋಡ್ತಾ ನಿಂತಿದ್ರು. ಹಿಂಗೇ."

ಆಮೇಲೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ನಿಂತಳು. ನಾನು ಬೇಡ ಎಂದರೂ ಕೇಳಲಿಲ್ಲ.

"ನಿಮಗಲ್ಲಕ್ಕಾ, ಅವರಿಗೆ. ಅವರನ್ನ ಕೂರಿಸ್ರಿ."

ಚಿತ್ರವನ್ನು ಸೀಟಿಗೆ ಒರಗಿಸಿ ಇಟ್ಟೆ. ಜಗಳೂರು ಬರುವತನಕ ನಾವಿಬ್ಬರೂ ನಿಂತೇ ಬಂದೆವು.